ನಿವೃತ್ತ ಯೋಧರಿಗೆ ರಜೆಯಲ್ಲ, ಒಂದು ಅವಧಿ ಕೊಡೋಣ

ನಿವೃತ್ತ ಯೋಧರ ಗೌರವಾರ್ಥ ರಾಷ್ಟ್ರೀಯ ರಜೆ ಘೋಷಿಸಬೇಕೆಂಬ ಮಾತನ್ನು ನಾನೂ ಒಪ್ಪುತ್ತಿದ್ದೆ. ಬೋಧನಾಭ್ಯಾಸದ ಒಂದು ತರಗತಿ ನನ್ನ ಅಭಿಪ್ರಾಯವನ್ನು ಬದಲಿಸಿತು.

ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ಮಾಡುತ್ತಿದ್ದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಹಿಮಪಾತಕ್ಕೆ ಸಿಲುಕಿದ ಸಿಯಾಚಿನ್ ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿತ್ತು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟು ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮಪ್ಪನೂ ಅಲ್ಲಿದ್ರು ಮಿಸ್” ಎಂದ. ಇಡೀ ತರಗತಿ ಅವನತ್ತ ತಿರುಗಿತು. ಮೂರು ವರ್ಷದಿಂದ ಜೊತೆಗೆ ಕಲಿಯುತ್ತಿದ್ದ ಗೆಳೆಯರಿಗೂ ಈ ವಿಷಯ ಗೊತ್ತಿರಲಿಲ್ಲ.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ತಂದೆಯನ್ನು ಶಾಲೆಗೆ ಕರೆಸಿದೆವು. ಅವರು ಯುದ್ಧದ ಮಾತು ಆಡಲಿಲ್ಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಮಂಜು ಕರಗಿಸಿ ನೀರು ಕುಡಿದದ್ದು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿದ್ದದ್ದು, ಮಗ ಹುಟ್ಟಿದ ಸುದ್ದಿ ತಡವಾಗಿ ತಲುಪಿದ್ದು, ಇಷ್ಟನ್ನೇ ಹೇಳಿದರು. ಮಗ ತಲೆ ಎತ್ತಿ ಕುಳಿತಿದ್ದ. ಅವರೀಗ ಎಟಿಎಂ ಒಂದರ ಕಾವಲುಗಾರರು. ನಾಳೆ ರಾಷ್ಟ್ರೀಯ ರಜೆ ಬಂದರೂ ಅವರು ಕೆಲಸಕ್ಕೆ ಹೋಗಲೇಬೇಕು!

ನಮ್ಮಲ್ಲಿ ಅವರಿಗಾಗಿ ದಿನ ಇಲ್ಲವೆಂದಲ್ಲ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ 1953ರ ಜನವರಿ 14ರ ನೆನಪಿಗೆ ಆ ದಿನವನ್ನು ನಿವೃತ್ತ ಯೋಧರ ದಿನವಾಗಿ ಆಚರಿಸಲಾಗುತ್ತಿದೆ. ಆದರೆ ಅದು ಸಂಕ್ರಾಂತಿಯ ಹೊತ್ತು. ನಮ್ಮ ಮಕ್ಕಳು ಬುತ್ತಿ ಕಟ್ಟಿಕೊಂಡು ತುಂಗಭದ್ರೆಯ ದಡದಲ್ಲಿರುತ್ತಾರೆ. ಅಂದರೆ ರಜೆಯ ಪ್ರಯೋಗ ಒಂದರ್ಥದಲ್ಲಿ ಆಗಿಯೇ ಇದೆ. ಫಲಿತಾಂಶವೂ ನಮ್ಮ ಮುಂದಿದೆ.

ಅಮೆರಿಕದಲ್ಲಿ ನವೆಂಬರ್ 11 ಸಾರ್ವತ್ರಿಕ ರಜೆ. ಬ್ರಿಟನ್ನಿನಲ್ಲಿ ಅದೇ ದಿನ ರಜೆಯಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಜನ ಇದ್ದಲ್ಲಿಯೇ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಶಿಕ್ಷಕರಾಗಲಿರುವ ನಮಗೆ ಎರಡನೆಯದೇ ಹತ್ತಿರದ ದಾರಿ. ರಜೆ ಎಂದರೆ ದೇಶ ಸಲ್ಲಿಸುವ ದೊಡ್ಡ ಗೌರವ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಚ್ಚಿದ ಶಾಲೆ ಏನನ್ನು ಕಲಿಸೀತು?

1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಶಾಲೆಗಳಿಗೆ ಚಿಕ್ಕ ಧ್ವಜಗಳು ಬರುತ್ತವೆ, ಮಕ್ಕಳು ದುಡ್ಡು ಕೊಟ್ಟು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅದರ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಗಳು ಭೂಸೇನೆ, ನೌಕಾಪಡೆ, ವಾಯುಪಡೆಗಳ ಗುರುತು ಎಂದು ಹೇಳುವವರು ಕಡಿಮೆ. ಅಂದು ನಲವತ್ತು ನಿಮಿಷದ ಒಂದು ಅವಧಿಯನ್ನು ಊರಿನ ಮಾಜಿ ಸೈನಿಕರಿಗೆ ಬಿಟ್ಟುಕೊಡೋಣ. ಹಿಂದಿನ ದಿನವೇ ಮಕ್ಕಳಿಂದ ಪ್ರಶ್ನೆ ಬರೆಸೋಣ. ಎಷ್ಟು ಶತ್ರುಗಳನ್ನು ಕೊಂದಿರಿ ಎಂಬ ಪ್ರಶ್ನೆ ಬೇಡ. ಹೇಗೆ ಬದುಕಿದಿರಿ, ಮರಳಿದ ಮೇಲೆ ಊರು ನಿಮ್ಮನ್ನು ಹೇಗೆ ಕಂಡಿತು ಎಂದು ಕೇಳಲಿ.

ಬೋಧನಾಭ್ಯಾಸಕ್ಕೆ ಹೊರಡುವ ಸಹಪಾಠಿಗಳು ಇದನ್ನು ತಮ್ಮ ಪಾಠಯೋಜನೆಯಲ್ಲಿ ಸೇರಿಸಿಕೊಳ್ಳಲಿ, ಮಾರ್ಗದರ್ಶಕ ಗುರುಗಳು ಅದಕ್ಕೆ ಅವಕಾಶ ಕೊಡಲಿ ಎಂಬುದು ನನ್ನ ವಿನಂತಿ.