ಭತ್ತದ ರಾಶಿ ಮತ್ತು ವಿದೇಶಾಂಗ ನೀತಿ

ಸುಗ್ಗಿಯಲ್ಲಿ ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಕಡೆ ರಸ್ತೆಯಂಚಿಗೆ ಭತ್ತ ಹರವಿ, ಕಾಲಿನಿಂದ ಸಾಲು ಎಳೆದು ಒಣಗಿಸುವ ರೈತ ಆಗಾಗ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ತೇವ ನೋಡುತ್ತಾನೆ. ಆ ಕಾಳಿಗೂ ವಿದೇಶಾಂಗ ನೀತಿಗೂ ನಂಟಿದೆ.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸುಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40ರಷ್ಟು ಪಾಲು ಭಾರತದ್ದೇ. ಎಲ್ ನಿನೊ ಭೀತಿ, ಏರುತ್ತಿದ್ದ ಬೆಲೆ, ಎದುರಿಗಿದ್ದ ಲೋಕಸಭಾ ಚುನಾವಣೆ: ಮನೆಯೊಳಗಿನ ಲೆಕ್ಕಾಚಾರದ ಬಿಸಿ ಗಡಿಯಾಚೆಗೂ ತಟ್ಟಿತು.

ಬಾಗಿಲು ಎಲ್ಲರಿಗೂ ಮುಚ್ಚಲಿಲ್ಲ. ಭೂತಾನ್‌ಗೆ 79,000 ಟನ್, ಸಿಂಗಪುರಕ್ಕೆ 50,000, ಮಾರಿಷಸ್‌ಗೆ 14,000 ಟನ್ ಕಳಿಸಲು ಅನುಮತಿ ಸಿಕ್ಕಿತು. ನೆರೆಹೊರೆ, ಹಳೆಯ ಸ್ನೇಹ, ಅಲ್ಲಿ ನೆಲೆಸಿದ ಭಾರತೀಯ ಮೂಲದವರು. ಇವೆಲ್ಲ ತಕ್ಕಡಿಯಲ್ಲಿ ತೂಗುತ್ತವೆ.

ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ಉಣ್ಣುವವರ ಹಿತ ಕಾಯುವುದು ಸರಿಯೇ. ಆದರೆ ನಾಟಿಯ ಹೊತ್ತಿಗೆ ಒಂದು ನೀತಿ, ಕಟಾವಿನ ಹೊತ್ತಿಗೆ ಇನ್ನೊಂದು ಎಂದಾದರೆ ಸಾಲ ಮಾಡಿ ಗೊಬ್ಬರ ಹಾಕಿದವನ ಗತಿಯೇನು? ರಫ್ತಿನ ತೀರ್ಮಾನ ಕೈಗೊಳ್ಳುವಾಗ ತುಂಗಭದ್ರಾ ಅಚ್ಚುಕಟ್ಟಿನ ಬೆಳೆಗಾರನ ಮಾತನ್ನೂ ಕೇಳಬೇಕು. ನಿರ್ಬಂಧ ಹೇರುವುದಿದ್ದರೆ ಸಸಿಮಡಿ ಹಾಕುವ ಮೊದಲೇ ತಿಳಿಸಬೇಕು.