ಶಸ್ತ್ರದ ಹಕ್ಕೂ ಶಿಸ್ತಿನ ಹೊಣೆಯೂ

ಪಟ್ಟದಕಲ್ಲಿನ ದೇಗುಲಗಳುಳ್ಳ ಬಾಗಲಕೋಟೆ ಜಿಲ್ಲೆಯಲ್ಲಿಯೇ ಹಲಗಲಿ ಎಂಬ ಗ್ರಾಮವುಂಟು. 1857ರಲ್ಲಿ ನಿಃಶಸ್ತ್ರೀಕರಣದ ಕಾಯಿದೆಗೆ ತಲೆಬಾಗಿ ಆಯುಧಗಳನ್ನೊಪ್ಪಿಸಲು ಅಲ್ಲಿಯ ಬೇಡರು ಒಪ್ಪಲಿಲ್ಲ. ಪರಕೀಯ ಸರಕಾರವು ಊರನ್ನು ಸುಟ್ಟು, ಹಲವರನ್ನು ಗಲ್ಲಿಗೇರಿಸಿತು. ಅಂದಿನ ಪ್ರಶ್ನೆ ಆಯುಧವನ್ನು ಇಟ್ಟುಕೊಳ್ಳುವ ಹಕ್ಕಿನದು. ಸ್ವತಂತ್ರ ಭಾರತದಲ್ಲಿ ಅದನ್ನು ಹಿಡಿಯುವ ಕೈಯ ಯೋಗ್ಯತೆಯೇ ಮುಖ್ಯ ಪ್ರಶ್ನೆ.

ಪರವಾನಿಗೆ ಬೇಡುವವನು ಸುರಕ್ಷತೆಯ ತರಬೇತಿ ಪಡೆದಿರಬೇಕೆಂದು 2016ರ ಶಸ್ತ್ರ ನಿಯಮಗಳು ವಿಧಿಸಿವೆ. ಮದುವೆ ಮೊದಲಾದ ಸಮಾರಂಭಗಳಲ್ಲಿ ಹರ್ಷಕ್ಕೆಂದು ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವವರಿಗೆ 2019ರ ತಿದ್ದುಪಡಿಯು 2 ವರ್ಷಗಳವರೆಗೆ ಸೆರೆ, 1 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ಗೊತ್ತುಪಡಿಸಿದೆ. ಆದರೆ ಶಿಕ್ಷೆಯು ಬರುವುದು ಗುಂಡು ಹಾರಿದ ಮೇಲೆ. ಶಿಸ್ತು ಅದಕ್ಕೂ ಮುಂಚೆ ಬರಬೇಕು.

ಆ ಶಿಸ್ತಿನ ಪಾಠಶಾಲೆಯೇ ಗುರಿಯಭ್ಯಾಸದ ಮೈದಾನ. ಅಲ್ಲಿಯ ನಿಯಮಗಳು ಕೆಲವೇ: ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದ್ದೆಂದೇ ಎಣಿಸಬೇಕು, ನಳಿಗೆಯು ಗುರಿಯ ದಿಕ್ಕನ್ನು ಬಿಟ್ಟು ತಿರುಗಕೂಡದು, ಗುಂಡು ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರನ್ನು ಮುಟ್ಟಕೂಡದು, ‘ನಿಲ್ಲಿಸಿ’ ಎಂಬ ಆಜ್ಞೆಯಾದೊಡನೆ ಬಂದೂಕನ್ನು ಬರಿದುಮಾಡಿ, ಕೆಳಗಿಟ್ಟು, ಹಿಂದೆ ಸರಿಯಬೇಕು. ಮ್ಯಾಗಜೀನನ್ನು ತೆಗೆದರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಇದನ್ನು ಮರೆತವನೇ ‘ಖಾಲಿ’ ಬಂದೂಕಿನಿಂದ ಗೆಳೆಯನನ್ನು ಕೊಲ್ಲುತ್ತಾನೆ. ಸಣ್ಣದಾದ .22 ಗುಂಡು ಸಹ ಒಂದು ಮೈಲಿಯಾಚೆ ಹೋಗಬಲ್ಲದು. ಆದುದರಿಂದ ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿಲ್ಲದ ಬಯಲು ಅಭ್ಯಾಸಕ್ಕೆ ಯೋಗ್ಯವಲ್ಲ.

ಪರರ ಆಜ್ಞೆಗೆ ಶಸ್ತ್ರವನ್ನೊಪ್ಪಿಸಲೊಲ್ಲದ ನಾಡು, ಅದನ್ನು ತಾನಾಗಿ ಕೆಳಗಿಡುವ ಕ್ರಮವನ್ನೂ ಕಲಿಯಲಿ.