ಪುಸ್ತಕಕ್ಕೂ ಮುಯ್ಯಾಳು

ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವ ತಂದೆ ತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಊರಿಂದ ನೇರ ಬಸ್ಸು ಉಂಟೆ, ಕಳೆದ ವರ್ಷದ ಫಲಿತಾಂಶ ಎಷ್ಟು. ಲೈಬ್ರರಿಯ ಮಾತೆತ್ತುವವರು ಅಪರೂಪ. ಎತ್ತಿದರೂ ಅವರ ಪ್ರಶ್ನೆ ಒಂದೇ: "ಎಷ್ಟು ಪುಸ್ತಕ ಇದೆ ಸಾರ್?" ಕಾಲೇಜಿನವರೂ ಇದಕ್ಕೆ ತಯಾರಾಗಿರುತ್ತಾರೆ. ಇಪ್ಪತ್ತು ಸಾವಿರ, ಮೂವತ್ತು ಸಾವಿರ ಎಂದು ಪ್ರಾಸ್ಪೆಕ್ಟಸ್ಸಿನಲ್ಲೇ ಅಚ್ಚಾಗಿರುತ್ತದೆ. ಆ ಸಂಖ್ಯೆಯಲ್ಲಿ ಒಂದೇ ಪಠ್ಯಪುಸ್ತಕದ ನಲವತ್ತು ಪ್ರತಿಗಳು, ಬದಲಾದ ಸಿಲಬಸ್ಸಿನ ಹಳೆಯ ಗೈಡುಗಳು, ಯಾರೂ ತೆರೆಯದ ದಾನದ ಪುಸ್ತಕಗಳು ಎಷ್ಟಿವೆ ಎಂಬುದು ಅಚ್ಚಾಗಿರುವುದಿಲ್ಲ.

ನಾನಾದರೆ ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಇಲ್ಲದ ಪುಸ್ತಕವನ್ನು ನನ್ನ ಮಗಳು ಕೇಳಿದರೆ, ಎಲ್ಲಿಂದ ತರಿಸಿಕೊಡುತ್ತೀರಿ?

ಕೇಳಿಸಿಕೊಂಡ ಪ್ರಿನ್ಸಿಪಾಲರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ಹೊಸ ಪ್ರಶ್ನೆಯೇನೂ ಅಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲೇ ಇದು ಅಡಗಿದೆ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು ಎಂಬುದು ಎರಡನೆಯ ಸೂತ್ರದ ಸಾರ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದರ ಸಾರ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಕಟ್ಟಿದ ತರಬೇತಿ ಮತ್ತು ಸಂಶೋಧನಾ ಕೇಂದ್ರದಲ್ಲಿ ಕಲಿತವರು ದೇಶದ ಅನೇಕ ದೊಡ್ಡ ಲೈಬ್ರರಿಗಳನ್ನು ನಡೆಸಿದ್ದಾರೆ. ಎರಡನೆಯ ಸೂತ್ರವನ್ನು ಸುಮ್ಮನೆ ಒಮ್ಮೆ ಯೋಚಿಸಿ ನೋಡಿ. ಜಗತ್ತಿನ ಯಾವ ಲೈಬ್ರರಿಯೂ, ಎಷ್ಟೇ ಶ್ರೀಮಂತವಾಗಿರಲಿ, ಒಂಟಿಯಾಗಿ ಅದನ್ನು ಪಾಲಿಸಲಾರದು. ನಾಲ್ಕು ಜನ ಕೈ ಸೇರಿಸಲೇಬೇಕು.

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಒಳ್ಳೆಯ ಹೆಸರಿದೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ, ಕೂಲಿಯ ಲೆಕ್ಕವಿಲ್ಲ. ಮುಯ್ಯಾಳು ಎನ್ನುತ್ತಾರೆ. ಲೈಬ್ರರಿಗಳ ನಡುವಿನ ಸಹಕಾರವೆಂದರೆ ಪುಸ್ತಕದ ಮುಯ್ಯಾಳು, ಅಷ್ಟೆ.

ಇಂಥ ಮುಯ್ಯಿ ನಮ್ಮಲ್ಲಿ ಕಂಪ್ಯೂಟರ್ ಬರುವುದಕ್ಕಿಂತ ಮುಂಚೆಯೇ ನಡೆದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮೊದಲಾದವುಗಳ ಗ್ರಂಥಪಾಲಕರು 1981ರಲ್ಲಿ ಫೋರ್ಸಾ ಎಂಬ ಕೂಟ ಮಾಡಿಕೊಂಡರು. ಖಗೋಳ ವಿಜ್ಞಾನದ ವಿದೇಶಿ ಪತ್ರಿಕೆಗಳು ಬಲು ದುಬಾರಿ, ಓದುವವರು ಬೆರಳೆಣಿಕೆ. ಯಾರ ಬಳಿ ಯಾವ ಸಂಪುಟ ಇದೆ ಎಂಬುದು ಪರಸ್ಪರ ಗೊತ್ತಿದ್ದರೆ, ಬೇಕಾದ ಲೇಖನದ ಜೆರಾಕ್ಸ್ ಅಂಚೆಯಲ್ಲಿ ತರಿಸಿಕೊಳ್ಳಬಹುದಲ್ಲ. ಇದಕ್ಕೆ ಬೇಕಾದದ್ದು ಒಂದು ಪಟ್ಟಿ ಮತ್ತು ಒಂದಿಷ್ಟು ವಿಶ್ವಾಸ.

1988ರಲ್ಲಿ ದೆಹಲಿಯ ಲೈಬ್ರರಿಗಳು ಸೇರಿ ಡೆಲ್‌ನೆಟ್ ಶುರು ಮಾಡಿದವು. ಆಗ ಅದು ದೆಹಲಿ ಊರಿನ ಜಾಲ. ಇಂದು ಕರ್ನಾಟಕದ ಕಾಲೇಜುಗಳೂ ಸೇರಿದಂತೆ ದೇಶದ ಉದ್ದಗಲಕ್ಕೂ ಸದಸ್ಯರಿದ್ದಾರೆ. ಸದಸ್ಯ ಕಾಲೇಜು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತದೆ. ವಿದ್ಯಾರ್ಥಿ ಕೇಳಿದ ಪುಸ್ತಕ ತನ್ನಲ್ಲಿಲ್ಲದಿದ್ದರೆ ಗ್ರಂಥಪಾಲಕರು ಜಾಲಕ್ಕೆ ಕೋರಿಕೆ ಕಳಿಸುತ್ತಾರೆ. ಎಲ್ಲೋ ಒಂದು ಕಡೆ ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದ ಪ್ರತಿ ಹೊರಟುಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 1991ರಲ್ಲಿ ಆರಂಭಿಸಿದ ಇನ್‌ಫ್ಲಿಬ್‌ನೆಟ್ ಇನ್ನೂ ದೊಡ್ಡ ಯೋಜನೆ. ಗುಜರಾತಿನ ಗಾಂಧಿನಗರದಲ್ಲಿರುವ ಈ ಕೇಂದ್ರದ ಇಂಡ್‌ಕ್ಯಾಟ್ ಎಂಬ ಸಂಯುಕ್ತ ಕ್ಯಾಟಲಾಗಿನಲ್ಲಿ, ಯಾವ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಯಾವ ಪುಸ್ತಕ ಇದೆ ಎಂದು ಮನೆಯಲ್ಲೇ ಕುಳಿತು ಹುಡುಕಬಹುದು. ದುಡ್ಡು ಕೊಡಬೇಕಾಗಿಲ್ಲ.

ಸಹಕಾರದ ಇನ್ನೊಂದು ಬಗೆ ಒಟ್ಟಾಗಿ ಕೊಳ್ಳುವುದು. ಇದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಎಂಬ ವ್ಯವಸ್ಥೆ ತಂದಿತು. ಅದಕ್ಕೆ ಮುಂಚೆ ಪ್ರತಿಯೊಂದು ವೈದ್ಯಕೀಯ ಕಾಲೇಜೂ ಅದದೇ ವಿದೇಶಿ ಪತ್ರಿಕೆಗಳಿಗೆ ಬೇರೆಬೇರೆಯಾಗಿ ಚಂದಾ ಕಟ್ಟಬೇಕಿತ್ತು. ಕಟ್ಟಲಾಗದ ಕಾಲೇಜಿನ ಹುಡುಗರಿಗೆ ಅವು ಇಲ್ಲವೇ ಇಲ್ಲ. ಒಕ್ಕೂಟವಾಗಿ ಮಾತನಾಡಿದಾಗ ಪ್ರಕಾಶಕರ ಧೋರಣೆ ಬದಲಾಯಿತು. ಒಬ್ಬೊಬ್ಬರೇ ಮಾರಿದರೆ ಹಾಲಿಗೆ ಒಂದು ಬೆಲೆ, ಸಂಘ ಮಾಡಿಕೊಂಡರೆ ಇನ್ನೊಂದು ಎಂಬುದು ನಮ್ಮ ಹೈನುಗಾರರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಇಲ್ಲಿ ಅದು ಕೊಳ್ಳುವವರ ಸಂಘ, ವ್ಯತ್ಯಾಸ ಇಷ್ಟೆ. ಮುಂದೆ 2010ರಲ್ಲಿ ಸರ್ಕಾರಿ ಮತ್ತು ಅನುದಾನಿತ ಪದವಿ ಕಾಲೇಜುಗಳಿಗಾಗಿ ಎನ್-ಲಿಸ್ಟ್ ಬಂತು. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಕಟ್ಟಿದ ತಾಲ್ಲೂಕು ಕಾಲೇಜಿಗೆ ಸಾವಿರಾರು ಪತ್ರಿಕೆಗಳು, ಲಕ್ಷದ ಲೆಕ್ಕದಲ್ಲಿ ಇ-ಪುಸ್ತಕಗಳು ತೆರೆದುಕೊಂಡವು.

ಇವೆಲ್ಲದರ ಮೇಲೆ ಈಗ 'ಒಂದು ದೇಶ ಒಂದು ಚಂದಾ' ಯೋಜನೆ. ಕೇಂದ್ರ ಸಂಪುಟ ಇದನ್ನು ಒಪ್ಪಿದ್ದು 2024ರ ನವೆಂಬರ್ 25ರಂದು. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಐಐಟಿಯ ವಿದ್ಯಾರ್ಥಿ ಓದುವ ಪತ್ರಿಕೆಯನ್ನೇ ಸರ್ಕಾರಿ ಪದವಿ ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿನಿಯೂ ಓದಬಹುದೆಂಬುದು ಸಣ್ಣ ಸಂಗತಿಯಲ್ಲ. ಆದರೆ ಕಾಲೇಜು ನೋಂದಾಯಿಸಿಕೊಂಡಿರಬೇಕು, ವಿದ್ಯಾರ್ಥಿಗೆ ಪ್ರವೇಶದ ಗುರುತು ಸಿಕ್ಕಿರಬೇಕು. ಪಾಸ್‌ವರ್ಡು ಯಾರದೋ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿದ್ದರೆ 6,000 ಕೋಟಿಯೂ ಅದೇ ಡ್ರಾಯರಿನಲ್ಲಿದ್ದಂತೆ. ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಎಂಬುದನ್ನು ಖಾಸಗಿ ಕಾಲೇಜಿಗೆ ಮಕ್ಕಳನ್ನು ಕಳಿಸುವವರು ಗಮನಿಸಬೇಕು. ಅಲ್ಲಿ ಡೆಲ್‌ನೆಟ್ ಸದಸ್ಯತ್ವವಾದರೂ ಇದೆಯೆ ಎಂದು ವಿಚಾರಿಸಿ.

ಇಷ್ಟು ಹೇಳಿದ ಮೇಲೆ ಒಂದು ತಕರಾರು. ಒಟ್ಟಾಗಿ ಕೊಳ್ಳುವುದರಲ್ಲಿ ನಾವು ಮುಂದೆ ಬಂದಿದ್ದೇವೆ, ಒಬ್ಬರದನ್ನೊಬ್ಬರಿಗೆ ಕೊಡುವುದರಲ್ಲಿ ಅಲ್ಲ. ಕೊಂಡದ್ದರಲ್ಲಿ ಬಹುಪಾಲು ಇಂಗ್ಲಿಷ್, ಅದರಲ್ಲೂ ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯ. ಕನ್ನಡ ಎಂ.ಎ. ಓದುವ ಹುಡುಗನೊಬ್ಬನಿಗೆ 'ಪ್ರಬುದ್ಧ ಕರ್ಣಾಟಕ'ದ ಹಳೆಯ ಸಂಚಿಕೆಯ ಒಂದು ಲೇಖನ ಬೇಕಾಗಿದೆ ಎನ್ನಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟ ಪತ್ರಿಕೆ ಅದು. ಅಥವಾ ಧಾರವಾಡದ 'ಜಯ ಕರ್ನಾಟಕ' ಬೇಕಾಗಿದೆ ಎನ್ನಿ. 13,000 ಪತ್ರಿಕೆಗಳ ರಾಶಿ ಅವನ ಪಾಲಿಗೆ ನಿರುಪಯೋಗಿ. ಅವನಿಗೆ ಬೇಕಾದದ್ದು ಮೈಸೂರಿನಲ್ಲೋ ಧಾರವಾಡದಲ್ಲೋ ಒಂದು ಕಪಾಟಿನಲ್ಲಿದೆ, ಅವನಿರುವುದು ಕೊಪ್ಪಳದಲ್ಲಿ. ಬಸ್ಸು ಹತ್ತಿ ಹೋಗಿ ಎರಡು ದಿನ ಉಳಿಯುವ ಶಕ್ತಿ ಇದ್ದವನಷ್ಟೇ ಅದನ್ನು ಓದಬಲ್ಲ. ಬಡವರ ಮಕ್ಕಳ ಸಂಶೋಧನೆ ಎಷ್ಟೋ ಸಲ ಸೊರಗುವುದು ಬುದ್ಧಿ ಸಾಲದೆ ಅಲ್ಲ, ಬಸ್ ಚಾರ್ಜು ಸಾಲದೆ.

ಇದು ನೀಗಲಾರದ ಕಷ್ಟವೇನಲ್ಲ. ಅಮೆರಿಕದ ಓಹಿಯೊ ರಾಜ್ಯದ ಕಥೆ ಕೇಳಿ. 1980ರ ದಶಕದಲ್ಲಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಲೈಬ್ರರಿಗಳು ತುಂಬಿ ತುಳುಕುತ್ತಿದ್ದವು. ಎಲ್ಲರೂ ಹೊಸ ಕಟ್ಟಡಕ್ಕೆ ಹಣ ಕೇಳಿದರು. ರಾಜ್ಯದ ಉನ್ನತ ಶಿಕ್ಷಣ ಮಂಡಳಿ ನೇಮಿಸಿದ ಸಮಿತಿ 1987ರಲ್ಲಿ ಬೇರೆ ದಾರಿ ತೋರಿಸಿತು. ಅಪರೂಪಕ್ಕೆ ಬಳಕೆಯಾಗುವ ಪುಸ್ತಕಗಳನ್ನು ಹಂಚಿಕೊಂಡ ಉಗ್ರಾಣಗಳಲ್ಲಿಡಿ; ಎಲ್ಲ ಲೈಬ್ರರಿಗಳಿಗೂ ಒಂದೇ ಕ್ಯಾಟಲಾಗ್ ಮಾಡಿ ಎಂದಿತು. ಹಾಗೆ 1990ರ ದಶಕದ ಮೊದಲಲ್ಲಿ ಹುಟ್ಟಿದ್ದು ಓಹಿಯೊಲಿಂಕ್. ಅಲ್ಲಿ ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿ ಬೇರೊಂದು ವಿಶ್ವವಿದ್ಯಾಲಯದ ಪುಸ್ತಕವನ್ನು ತಾನೇ ಕೋರಬಹುದು, ಯಾರ ಸಹಿಯೂ ಬೇಡ. ಲೈಬ್ರರಿಯಿಂದ ಲೈಬ್ರರಿಗೆ ಓಡಾಡುವ ವ್ಯಾನಿನಲ್ಲಿ ಕೆಲವೇ ದಿನಗಳಲ್ಲಿ ಪುಸ್ತಕ ಬರುತ್ತದೆ. ಕ್ಯಾಟಲಾಗ್ ನಮ್ಮಲ್ಲೂ ಇದೆ. ಇಲ್ಲದಿರುವುದು ಆ ವ್ಯಾನು.

ಅಮೆರಿಕದ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಪಿ.ಎಲ್. 480 ಗೋಧಿ ಹಿರಿಯರಿಗೆಲ್ಲ ಗೊತ್ತು. ಆ ಗೋಧಿಗೆ ನಾವು ಕೊಟ್ಟ ರೂಪಾಯಿಯ ಒಂದು ಭಾಗದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತದ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡದ ಪುಸ್ತಕಗಳೂ ಹಡಗು ಹತ್ತಿದವು. ಗೋಧಿಯ ಹಣ ಮುಗಿದ ಮೇಲೂ ಆ ವಿಶ್ವವಿದ್ಯಾಲಯಗಳು ತಾವೇ ಹಣ ಕೂಡಿಸಿ ಕೊಳ್ಳುವುದನ್ನು ಮುಂದುವರಿಸಿದವು. ಹೀಗಾಗಿ ನಮ್ಮ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ದಾಟದ ಕನ್ನಡ ಪುಸ್ತಕ ವಿಸ್ಕಾನ್ಸಿನ್ನಿನಲ್ಲೋ ಬರ್ಕ್ಲಿಯಲ್ಲೋ ಸುಲಭವಾಗಿ ಸಿಕ್ಕಿಬಿಡಬಹುದು. ಸಂತೋಷಪಡಬೇಕೋ ನಾಚಬೇಕೋ ನೀವೇ ಹೇಳಿ.

ನಮ್ಮಲ್ಲಿ ಪುಸ್ತಕ ಹೊರಡದೆ ಇರುವುದಕ್ಕೆ ಗ್ರಂಥಪಾಲಕರ ಸೋಮಾರಿತನ ಕಾರಣ ಎನ್ನುವುದು ಅನ್ಯಾಯ. ಅವರಿಗಿರುವುದು ಭಯ. ಪುಸ್ತಕ ಕಳೆದರೆ ಆಡಿಟ್ಟಿನಲ್ಲಿ ಆಕ್ಷೇಪಣೆ, ತಮ್ಮ ಸಂಬಳಕ್ಕೇ ಕತ್ತರಿ ಎಂಬ ಅಂಜಿಕೆ ತಲೆಮಾರುಗಳಿಂದ ಬಂದದ್ದು. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅಷ್ಟು ಕಠಿಣವಾಗಿಲ್ಲ. ವರ್ಷದಲ್ಲಿ ಹೊರಗೆ ಕೊಟ್ಟ ಅಥವಾ ನೋಡಲು ತೆಗೆದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜವೆಂದು ಭಾವಿಸಬಹುದು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಎನ್ನುತ್ತವೆ. ಬೆಲೆಬಾಳುವ, ಅಪರೂಪದ ಪುಸ್ತಕಗಳ ವಿಷಯ ಬೇರೆ. ಇಂಥದೊಂದು ಭರವಸೆಯನ್ನು ರಾಜ್ಯದ ಪ್ರತಿಯೊಂದು ಕಾಲೇಜಿಗೂ ಸ್ಪಷ್ಟ ಸುತ್ತೋಲೆಯಲ್ಲಿ ತಿಳಿಸಿದರೆ ಅರ್ಧ ಭಯ ಕರಗೀತು. ಇನ್ನು ಸಾಗಣೆಯ ಖರ್ಚು. ಅಂಚೆ ಇಲಾಖೆ ಹಳೆಯ ಬುಕ್ ಪೋಸ್ಟ್ ಸೌಲಭ್ಯವನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಪುಸ್ತಕಲೋಕ ಕಂಗಾಲಾಗಿತ್ತು. 2025ರ ಮೇ 1ರಿಂದ ಶೈಕ್ಷಣಿಕ ಪುಸ್ತಕಗಳಿಗಾಗಿ 'ಜ್ಞಾನ ಪೋಸ್ಟ್' ಬಂತು. ಶುರುವಿನ ದರ 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕೊಪ್ಪಳದಿಂದ ಮೈಸೂರಿಗೆ ಹೋಗಿಬರುವ ಬಸ್ ಚಾರ್ಜಿಗೆ ಹೋಲಿಸಿ ನೋಡಿ.

ಸುತ್ತೋಲೆ ಬರುವವರೆಗೆ ವಿದ್ಯಾರ್ಥಿಗಳು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲು ಶೋಧಗಂಗಾ ನೋಡಿ. ಭಾರತದ ವಿಶ್ವವಿದ್ಯಾಲಯಗಳ ಐದು ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳು ಅಲ್ಲಿವೆ, ಕನ್ನಡದಲ್ಲಿ ಬರೆದವೂ ಇವೆ, ಎಲ್ಲರಿಗೂ ಉಚಿತ. ಅಧ್ಯಾಯಗಳನ್ನು ಎತ್ತಿ ನಿಮ್ಮ ಹೆಸರಿನಲ್ಲಿ ಇಳಿಸಿಕೊಳ್ಳಲು ಅಲ್ಲ, ಮಾರಾಯರೆ! ಪ್ರಬಂಧದ ಕೊನೆಯ ಗ್ರಂಥಋಣದ ಪಟ್ಟಿ ನೋಡಲು. ನಿಮ್ಮ ವಿಷಯದಲ್ಲಿ ಯಾವ ಯಾವ ಪುಸ್ತಕಗಳಿವೆ ಎಂದು ಇನ್ನೊಬ್ಬರು ವರ್ಷಗಟ್ಟಲೆ ಹುಡುಕಿ ಅಲ್ಲಿ ಬರೆದಿಟ್ಟಿರುತ್ತಾರೆ. ಅವು ಎಲ್ಲಿವೆ ಎಂದು ಇಂಡ್‌ಕ್ಯಾಟಿನಲ್ಲಿ ನೋಡಿ.

ಆಮೇಲೆ ನಿಮ್ಮ ಗ್ರಂಥಪಾಲಕರ ಬಳಿ ಹೋಗಿ. "ಸಾರ್, ವಚನಗಳ ಮೇಲೆ ಏನಾದರೂ ಇದ್ದರೆ ಕೊಡಿ" ಎಂದರೆ ಅವರು ತಮ್ಮ ಕಪಾಟನ್ನೇ ತೋರಿಸುತ್ತಾರೆ. ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಪತ್ರಿಕೆಯಾದರೆ ಸಂಪುಟ, ಸಂಚಿಕೆ, ಪುಟ, ಅದು ಇರುವ ಲೈಬ್ರರಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಮೇಡಂ ಅಥವಾ ಸಾರ್ ಇಲ್ಲವೆನ್ನುವುದು ಆಗ ಕಷ್ಟ. ಒಂದು ಲೇಖನವಷ್ಟೇ ಬೇಕಿದ್ದರೆ ಪುಸ್ತಕ ಬೇಡ, ನಕಲು ಸಾಕು. ಸ್ವಂತ ಅಧ್ಯಯನಕ್ಕೆ ಮಿತವಾಗಿ ನಕಲು ಮಾಡಿಕೊಳ್ಳಲು ನಮ್ಮ ಹಕ್ಕುಸ್ವಾಮ್ಯ ಕಾನೂನು ಅಡ್ಡಿಯಾಗುವುದಿಲ್ಲ. ನೀವೇ ಹೋಗಿ ಓದುವುದಾದರೆ ಪ್ರಿನ್ಸಿಪಾಲರ ಪತ್ರ, ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ, ಹೊರಡುವ ಮುಂಚೆ ಅಲ್ಲಿಗೆ ಫೋನ್ ಮಾಡಿ ಕೆಲಸದ ವೇಳೆ ತಿಳಿದುಕೊಳ್ಳಿ.

ಮತ್ತೆ, ಪರೀಕ್ಷೆಯ ಹಿಂದಿನ ವಾರ ಇದಕ್ಕೆ ಸಮಯವಲ್ಲ. ಬೇರೆ ಊರಿನಿಂದ ಪುಸ್ತಕ ಬರಲು ಎರಡು ಮೂರು ವಾರವಾದರೂ ಹಿಡಿಯಬಹುದು, ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಕೇಳಿ. ಬಂದ ಪುಸ್ತಕಕ್ಕೆ ಅನ್ವಯಿಸುವ ಗಡುವು ಕಳಿಸಿದ ಲೈಬ್ರರಿಯದು, ನಿಮ್ಮ ಕಾಲೇಜಿನದಲ್ಲ. ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದಲೂ ಗೀಟು ಹಾಕಬೇಡಿ.